ಡೇರೆಯಿಂದ ನಾಡನ್ನು ಕಂಡವನು

ನಾಲ್ಕು ಗೋಡೆಗಳ ನಡುವೆ ಕುಳಿತು ಲೋಕವನ್ನು ಅರಿಯುವವರು ಹಲವರು. ಬಯಲಿನಲ್ಲಿ ಬಿಡಾರ ಹೂಡಿ, ಮರದ ನೆರಳಿನಲ್ಲಿ ಉಂಡು, ನಕ್ಷತ್ರಗಳ ಕೆಳಗೆ ಮಲಗಿ ಅದನ್ನು ಅರಿಯುವವರು ಕೆಲವರು. ಪುಸ್ತಕಗಳು ಹೇಳದೆ ಬಿಟ್ಟ ಎಷ್ಟೋ ಸಂಗತಿಗಳನ್ನು ಬೆಟ್ಟ, ಕೆರೆ, ಕಲ್ಲು, ಹಾದಿಗಳು ಹೇಳಿಕೊಡಬಲ್ಲವು. ಆದರೆ ಅವುಗಳ ಮಾತನ್ನು ಕೇಳಲು ಅವುಗಳ ಬಳಿಗೇ ಹೋಗಬೇಕು. ಹೋದರೆ ಸಾಲದು, ಕೆಲಕಾಲ ಅಲ್ಲಿ ತಂಗಬೇಕು. ಹೀಗೆ ತಂಗಿ, ಕಣ್ಣು ತೆರೆದು ನೋಡಿ, ಪರದೇಶವನ್ನು ತನ್ನದೆಂದು ಬಗೆದ ಒಬ್ಬ ವಿದೇಶೀಯನ ಜೀವನಕಥೆ ಇದು. ಆತನ ಹೆಸರು ಫಿಲಿಪ್ ಮೆಡೋಸ್ ಟೇಲರ್.

ಇಂದಿನ ಯಾದಗಿರಿ ಜಿಲ್ಲೆಯ ಸುರಪುರವು ಬಂಡೆಗಳಿಂದ ಕೂಡಿದ ಗುಡ್ಡಗಳ ನಡುವೆ ನೆಲೆಸಿರುವ ಪಟ್ಟಣ. ಅದರ ದಕ್ಷಿಣಕ್ಕೆ ಕೃಷ್ಣೆಯೂ ಉತ್ತರಕ್ಕೆ ಭೀಮೆಯೂ ಹರಿಯುತ್ತವೆ. ಈ ಎರಡು ನದಿಗಳ ನಡುವಣ ಕರಿಮಣ್ಣಿನ ಬಯಲಿನಲ್ಲಿ ಅಲ್ಲಲ್ಲಿ ತಲೆಯೆತ್ತಿ ನಿಂತ ಬೋಳು ಬೆಟ್ಟಗಳು ಪ್ರಯಾಣಿಕನ ಕಣ್ಣನ್ನು ಸೆಳೆಯುತ್ತವೆ. ಶಹಾಪುರದ ಬೆಟ್ಟದ ಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುತ್ತದೆ. ಸುರಪುರದ ಒಂದು ಗುಡ್ಡದ ಮೇಲೆ ಒಂದು ಹಳೆಯ ಬಂಗಲೆಯಿದೆ. ಊರಿನವರು ಅದನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಆ ಬಂಗಲೆಯನ್ನು ಕಟ್ಟಿಸಿದವನೇ ನಮ್ಮ ಕಥಾನಾಯಕ. ಆದರೆ ಆತನ ನಿಜವಾದ ಮನೆ ಆ ಬಂಗಲೆಯಾಗಿರಲಿಲ್ಲ. ವರ್ಷದ ಹಲವು ತಿಂಗಳುಗಳು ಹಳ್ಳಿಯಿಂದ ಹಳ್ಳಿಗೆ ಸಾಗುತ್ತಿದ್ದ ಬಟ್ಟೆಯ ಡೇರೆಯೇ ಆತನ ಮನೆಯಾಗಿತ್ತು.

ಟೇಲರನು ೧೮೦೮ನೆಯ ಇಸವಿಯ ಸೆಪ್ಟೆಂಬರ್ ೨೫ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ವ್ಯಾಪಾರದಲ್ಲಿ ನಷ್ಟವುಂಟಾಗಿ ಮನೆತನಕ್ಕೆ ಕಷ್ಟದ ದಿನಗಳು ಬಂದವು. ಮುಂಬಯಿಯ ವರ್ತಕನೊಬ್ಬನು ಹುಡುಗನನ್ನು ತನ್ನ ಅಂಗಡಿಗೆ ಸೇರಿಸಿಕೊಂಡು, ಮುಂದೆ ಪಾಲುದಾರನನ್ನಾಗಿ ಮಾಡುವುದಾಗಿ ಆಸೆ ತೋರಿಸಿದನು. ಆ ಮಾತನ್ನು ನಂಬಿ, ೧೫ ವರ್ಷದ ಬಾಲಕನು ತಾಯ್ತಂದೆಯರನ್ನು ಬಿಟ್ಟು ಹಡಗು ಹತ್ತಿ, ೧೮೨೪ರಲ್ಲಿ ಮುಂಬಯಿಗೆ ಬಂದಿಳಿದನು. ಅಲ್ಲಿ ಕಂಡದ್ದೇ ಬೇರೆ. ವರ್ತಕನು ಸಾಲದಲ್ಲಿ ಮುಳುಗಿದ್ದನು. ಅಂಗಡಿ ದಿವಾಳಿಯ ಅಂಚಿಗೆ ಬಂದಿತ್ತು. ಪರದೇಶದಲ್ಲಿ ದಿಕ್ಕುಗೆಟ್ಟು ನಿಂತ ಬಾಲಕನಿಗೆ ಬಂಧುವೊಬ್ಬನ ಪ್ರಯತ್ನದಿಂದ ಹೈದರಾಬಾದಿನ ನಿಜಾಮನ ಸೇನೆಯಲ್ಲಿ ಕೆಲಸ ದೊರೆಯಿತು. ಔರಂಗಾಬಾದಿನಲ್ಲಿದ್ದ ದಳವನ್ನು ಸೇರಲು ಆತನು ಹೊರಟಾಗ ಆತನಿಗೆ ಇನ್ನೂ ೧೭ ತುಂಬಿರಲಿಲ್ಲ.

ಶಾಲೆಯ ವಿದ್ಯೆ ಅರ್ಧಕ್ಕೆ ನಿಂತಿದ್ದರೂ ಕಲಿಯುವ ಹಂಬಲ ನಿಂತಿರಲಿಲ್ಲ. ಹಿಂದೂಸ್ತಾನಿ, ಪಾರಸಿ, ಮರಾಠಿ ಭಾಷೆಗಳನ್ನು ಆತನು ಶ್ರಮಪಟ್ಟು ಅಭ್ಯಾಸ ಮಾಡಿದನು. ಅಂದಿನ ಅನೇಕ ಆಂಗ್ಲ ಅಧಿಕಾರಿಗಳು ದುಭಾಷಿಯ ಬಾಯಿಂದಲೇ ಜನರ ಮಾತನ್ನು ಕೇಳುತ್ತಿದ್ದರು. ಟೇಲರನಿಗೆ ಅದು ಒಗ್ಗಲಿಲ್ಲ. ಜನರ ಸುಖದುಃಖಗಳನ್ನು ಅವರ ನುಡಿಯಲ್ಲಿಯೇ ಕೇಳಬೇಕೆಂಬುದು ಆತನ ಹಟವಾಗಿತ್ತು. ಈ ಭಾಷಾಜ್ಞಾನದ ಬಲದಿಂದಲೇ ಇನ್ನೂ ಹದಿಹರೆಯದಲ್ಲಿರುವಾಗಲೇ ಪೋಲೀಸು ಇಲಾಖೆಯ ಸಹಾಯಕ ಅಧಿಕಾರಿಯ ಹುದ್ದೆ ಆತನ ಪಾಲಿಗೆ ಬಂದಿತು. ಡೇರೆಯ ಬಾಳು ಆರಂಭವಾದುದು ಅಲ್ಲಿಂದ. ಕುದುರೆಯ ಮೇಲೆ ಕುಳಿತು ಊರೂರು ಅಲೆಯುವುದು, ರಾತ್ರಿ ತೋಪಿನಲ್ಲಿ ತಂಗುವುದು, ಬೆಳಗಾದರೆ ಮುಂದಿನ ಮುಕ್ಕಾಮಿಗೆ ಸಾಗುವುದು, ಇದೇ ಆತನ ದಿನಚರಿಯಾಯಿತು.

ಆ ಕಾಲದಲ್ಲಿ ಬಯಲಿನ ಬಿಡಾರವೆಂದರೆ ಕೇವಲ ವಿನೋದವಾಗಿರಲಿಲ್ಲ. ರೈಲು, ಮೋಟಾರುಗಳಿಲ್ಲದ ದಿನಗಳಲ್ಲಿ ದೂರದೂರಿಗೆ ಹೋಗುವ ಯಾತ್ರಿಕರೂ ವರ್ತಕರೂ ಸಿಪಾಯಿಗಳೂ ಗುಂಪು ಕಟ್ಟಿಕೊಂಡು ನಡೆದು, ಸಂಜೆಯಾದೊಡನೆ ಬಾವಿಯಿರುವ ತೋಪಿನಲ್ಲಿ ಇಳಿದುಕೊಳ್ಳುತ್ತಿದ್ದರು. ಒಲೆ ಹೂಡಿ ಅಡುಗೆ ಮಾಡಿ, ಮಾತು ಹಾಡುಗಳಲ್ಲಿ ದಣಿವು ಮರೆತು ಮಲಗುತ್ತಿದ್ದರು. ಈ ನಂಬಿಕೆಯ ನೆರಳಿನಲ್ಲಿಯೇ ಠಕ್ಕರೆಂಬ ಕೊಲೆಗಡುಕರು ಹೊಂಚು ಹಾಕುತ್ತಿದ್ದರು. ಅವರು ಸಹಪ್ರಯಾಣಿಕರ ವೇಷದಲ್ಲಿ ಬಂದು, ಸ್ನೇಹ ಬೆಳೆಸಿ, ಒಂದೇ ತೋಪಿನಲ್ಲಿ ತಂಗಿ, ಕೈವಸ್ತ್ರದಿಂದ ಕೊರಳು ಬಿಗಿದು ಕೊಂದು, ಹೆಣಗಳನ್ನು ಅಲ್ಲಿಯೇ ಹೂಳಿ ಮುಂದೆ ಸಾಗುತ್ತಿದ್ದರು. ಬಿಡಾರದಲ್ಲಿ ಒಬ್ಬರನ್ನೊಬ್ಬರು ನಂಬುವ ಮಾನವ ಸಹಜವಾದ ಗುಣವನ್ನೇ ಅವರು ಆಯುಧ ಮಾಡಿಕೊಂಡಿದ್ದರು. ಟೇಲರನು ಈ ಠಕ್ಕರ ವಿಚಾರಣೆಯಲ್ಲಿ ಭಾಗವಹಿಸಿ, ಸಿಕ್ಕಿಬಿದ್ದವರ ತಪ್ಪೊಪ್ಪಿಗೆಗಳನ್ನು ಕೇಳಿದನು. ಆ ಅನುಭವವನ್ನು ಆಧಾರವಾಗಿಟ್ಟುಕೊಂಡು ಆತನು ಬರೆದ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯು ೧೮೩೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಆತನಿಗೆ ಒಮ್ಮೆಲೇ ಕೀರ್ತಿ ತಂದಿತು. ವಿಕ್ಟೋರಿಯ ರಾಣಿಯೂ ಅದನ್ನು ಕುತೂಹಲದಿಂದ ಓದಿದಳು. ಮರುವರ್ಷ ಟೀಪು ಸುಲ್ತಾನನನ್ನು ಕುರಿತ ಆತನ ಕಾದಂಬರಿಯೂ ಹೊರಬಂದಿತು.

ರಜೆ ಮುಗಿಸಿ ಇಂಗ್ಲೆಂಡಿನಿಂದ ಹಿಂದಿರುಗಿದ ಟೇಲರನ ಜೀವನದಲ್ಲಿ ೧೮೪೧ನೆಯ ಇಸವಿ ದೊಡ್ಡ ತಿರುವನ್ನು ತಂದಿತು. ಸುರಪುರವು ಬೇಡ ನಾಯಕರ ಪ್ರಸಿದ್ಧ ಸಂಸ್ಥಾನ. ಔರಂಗಜೇಬನ ಭಾರೀ ಸೇನೆಯನ್ನು ವಾಗಿನಗೇರಿಯ ಕೋಟೆಯಲ್ಲಿ ತಡೆದು ನಿಲ್ಲಿಸಿದ ವೀರರ ವಂಶ ಅದು. ೧೭೦೫ರಲ್ಲಿ ವಾಗಿನಗೇರಿ ಮೊಗಲರ ಕೈಸೇರಿದ ಮೇಲೆ ಸುರಪುರವು ಅವರ ರಾಜಧಾನಿಯಾಗಿ ಬೆಳೆಯಿತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಆತನ ಮಗ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಬಾಲಕ. ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಬಾಲಕನ ಚಿಕ್ಕಪ್ಪ ಪಿಡ್ಡ ನಾಯಕ. ನಡುವೆ ಆಯುಧಪಾಣಿಗಳಾದ ಸಾವಿರಾರು ಬೇಡರು. ನಿಜಾಮನಿಗೆ ಸಲ್ಲಬೇಕಾದ ಹಣ ಬಾಕಿಯಾಗಿ ಬೆಳೆದಿತ್ತು. ಈ ತೊಡಕನ್ನು ಬಿಡಿಸಲು ಹೈದರಾಬಾದಿನ ರೆಸಿಡೆಂಟನಾಗಿದ್ದ ಜನರಲ್ ಫ್ರೇಜರನು ೩೩ರ ಹರೆಯದ ಟೇಲರನನ್ನು ಆರಿಸಿ ಕಳುಹಿಸಿದನು. ಆತನು ಬಲಪ್ರಯೋಗಕ್ಕಿಂತ ಮಾತಿನಲ್ಲಿ ಹೆಚ್ಚು ವಿಶ್ವಾಸವಿಟ್ಟನು. ರಕ್ತಪಾತವಿಲ್ಲದೆ ಸಂಸ್ಥಾನದಲ್ಲಿ ಶಾಂತಿ ನೆಲೆಸಿತು. ಕೆಲಕಾಲದಲ್ಲಿಯೇ, ಬಾಲರಾಜನು ಪ್ರಾಯಕ್ಕೆ ಬರುವವರೆಗೆ ಆಡಳಿತವನ್ನು ನಡೆಸುವ ಹೊಣೆಯು ಟೇಲರನ ಮೇಲೆ ಬಿದ್ದಿತು.

ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿಕೊಂಡ ಅಧಿಕಾರಿಯು ಅಲ್ಲಿಯೇ ಕುಳಿತು ಕಾಗದಗಳ ಮೇಲೆ ರುಜು ಹಾಕುತ್ತ ದಿನ ಕಳೆಯಬಹುದಾಗಿತ್ತು. ಟೇಲರನು ಹಾಗೆ ಮಾಡಲಿಲ್ಲ. ಮಳೆಗಾಲ ಕಳೆದು ಹಾದಿಗಳು ಒಣಗಿ, ಜೋಳದ ಪೈರು ಎದ್ದು ನಿಲ್ಲುವ ಚಳಿಗಾಲದ ತಿಂಗಳುಗಳಲ್ಲಿ ಆತನು ಡೇರೆಗಳೊಡನೆ ಹೊರಡುತ್ತಿದ್ದನು. ಅಂದಿನ ಸಂಚಾರದ ಕ್ರಮವೇ ಒಂದು ಶಿಸ್ತು. ಎರಡು ಜೊತೆ ಡೇರೆಗಳಿರುತ್ತಿದ್ದವು. ಒಂದರಲ್ಲಿ ಅಧಿಕಾರಿ ಮಲಗಿರುವಾಗಲೇ ಇನ್ನೊಂದನ್ನು ಎತ್ತು ಒಂಟೆಗಳ ಮೇಲೆ ಹೇರಿಕೊಂಡು ಆಳುಗಳು ಮುಂದಿನ ಊರಿಗೆ ಸಾಗುತ್ತಿದ್ದರು. ಬೆಳ್ಳಿ ಮೂಡುವ ಹೊತ್ತಿಗೆ ಅಧಿಕಾರಿ ಕುದುರೆ ಏರಿದರೆ, ಬಿಸಿಲು ಏರುವ ಮುನ್ನ ಹೊಸ ಮುಕ್ಕಾಮನ್ನು ತಲುಪುತ್ತಿದ್ದನು. ಅಲ್ಲಿ ಗೂಟಗಳನ್ನು ನೆಟ್ಟು, ಹಗ್ಗಗಳನ್ನು ಬಿಗಿದು, ಡೇರೆ ಎದ್ದು ನಿಂತಿರುತ್ತಿತ್ತು.

ಬಿಡಾರದ ಸ್ಥಳವನ್ನು ಆರಿಸುವುದೂ ಒಂದು ವಿದ್ಯೆ. ಕುಡಿಯುವ ನೀರು ಹತ್ತಿರವಿರಬೇಕು. ಆದರೆ ತಗ್ಗಿನಲ್ಲಿ ಇಳಿಯಬಾರದು, ಅಕಾಲದಲ್ಲಿ ಮಳೆ ಬಂದರೆ ನೀರು ನುಗ್ಗುತ್ತದೆ. ನೆರಳು ಬೇಕು, ಆದರೆ ಒಣಗಿದ ಕೊಂಬೆಯ ಕೆಳಗೆ ಮಲಗಬಾರದು. ಗಾಳಿ ಬೀಸುವ ದಿಕ್ಕನ್ನು ನೋಡಿ ಒಲೆ ಹೂಡಬೇಕು; ಹೊರಡುವಾಗ ಬೆಂಕಿಯನ್ನು ಪೂರ್ಣವಾಗಿ ಆರಿಸಬೇಕು. ಕರಿಮಣ್ಣಿನ ಸೀಮೆಯಲ್ಲಿ ಒಂದು ಮಳೆ ಬಿದ್ದರೆ ಗೂಟಗಳು ಸಡಿಲವಾಗಿ ಡೇರೆ ಕುಸಿಯುತ್ತದೆ. ಗಟ್ಟಿ ಮರಡಿಯ ನೆಲವೇ ಅಲ್ಲಿ ಲೇಸು. ಇಂಥ ಸಣ್ಣಪುಟ್ಟ ವಿಷಯಗಳಲ್ಲಿ ಎಚ್ಚರವಿಲ್ಲದವನಿಗೆ ಬಯಲು ಸುಖವನ್ನು ಕೊಡುವುದಿಲ್ಲ. ಬಯಲಿನ ಬಾಳು ಮನುಷ್ಯನಿಗೆ ಅಗತ್ಯವಾದುದೆಷ್ಟು, ಅನಗತ್ಯವಾದುದೆಷ್ಟು ಎಂಬುದನ್ನು ತಾನಾಗಿ ಕಲಿಸುತ್ತದೆ.

ತೋಪಿನ ಡೇರೆಯೇ ಹಗಲು ಕಚೇರಿಯಾಗುತ್ತಿತ್ತು. ಕಾವಲುಗಾರರಿರುವ ಬಂಗಲೆಯ ಬಾಗಿಲಿಗೆ ಬರಲು ಅಂಜುವ ಬಡ ರೈತನು ತನ್ನ ಊರ ಹುಣಸೆಯ ಮರದ ಕೆಳಗೆ ಕುಳಿತ ಅಧಿಕಾರಿಯ ಬಳಿಗೆ ಧೈರ್ಯದಿಂದ ಬರುತ್ತಾನೆ. ಭೂಮಿಯ ಕಂದಾಯವೆಷ್ಟು, ಬೆಳೆಯೆಷ್ಟು, ಬಾವಿಯಲ್ಲಿ ನೀರೆಷ್ಟು ಎಂಬುದನ್ನು ಕಣ್ಣಾರೆ ನೋಡಿ ನಿರ್ಣಯಿಸಲು ಟೇಲರನಿಗೆ ಈ ಸಂಚಾರದಿಂದ ಸಾಧ್ಯವಾಯಿತು. ಕಂದಾಯದ ಕ್ರಮವನ್ನು ಆತನು ಸರಿಪಡಿಸಿದನು, ಹಾದಿಗಳನ್ನು ಮಾಡಿಸಿದನು, ಸಾಲದ ಹೊರೆಯನ್ನು ಇಳಿಸಿದನು. ಇಂಜಿನಿಯರಿಂಗ್ ವಿದ್ಯೆಯನ್ನು ಆತನು ಯಾವ ಕಾಲೇಜಿನಲ್ಲಿಯೂ ಕಲಿತವನಲ್ಲ. ಪುಸ್ತಕಗಳನ್ನು ಓದಿ, ನೆಲವನ್ನು ನೋಡಿ, ತಾನೇ ಅಳೆದು ಕಲಿತನು.

ಆತನು ಮನಸ್ಸಿಟ್ಟು ಮಾಡಿದ ಕೆಲಸಗಳಲ್ಲಿ ಕೆರೆಗಳ ಜೀರ್ಣೋದ್ಧಾರ ಮುಖ್ಯವಾದುದು. ಸುರಪುರದಿಂದ ಸುಮಾರು ೧೦ ಕಿಲೋಮೀಟರ್ ದೂರದಲ್ಲಿರುವ ಬೋನಾಳದ ಕೆರೆಯು ನಾಯಕ ಅರಸರ ಕಾಲದ್ದು. ಟೇಲರನು ಅದನ್ನು ಸುಧಾರಿಸಿ ಭದ್ರಗೊಳಿಸಿದನು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕೆರೆಯ ನೀರು ಬದುಕಿನ ಆಧಾರ. ಹೊಲಗದ್ದೆಗಳಿಗಾಗಿ ನಿಲ್ಲಿಸಿದ ಆ ನೀರು ಹಕ್ಕಿಗಳನ್ನೂ ಕರೆಯಿತು. ಇಂದು ಬೋನಾಳವು ಪಕ್ಷಿಧಾಮವೆಂದು ಪ್ರಸಿದ್ಧವಾಗಿದೆ. ಜಂಬುಕೋಳಿ, ನೀರುಕಾಗೆ, ಕೆಂಬರಲು ಮೊದಲಾದ ಹಕ್ಕಿಗಳು ಅಲ್ಲಿ ಕಾಣಸಿಗುತ್ತವೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮುಂಜಾವಿನಲ್ಲಿ ಕೆರೆಯ ಏರಿಯ ಮೇಲೆ ಸದ್ದಿಲ್ಲದೆ ನಿಂತು ನೋಡುವವನಿಗೆ, ಸಾವಿರಾರು ಮೈಲಿಗಳನ್ನು ಹಾರಿ ಬಂದ ಆ ಅತಿಥಿಗಳೂ ಒಂದು ಬಗೆಯ ಬಿಡಾರವನ್ನೇ ಹೂಡಿದ್ದಾರೆಂದು ತೋರದಿರದು.

ಬಯಲಿನಲ್ಲಿ ಅಲೆಯುವವನ ಕಣ್ಣಿಗೆ ಒಮ್ಮೊಮ್ಮೆ ಯಾರೂ ಹುಡುಕದ ನಿಧಿಗಳು ಬೀಳುತ್ತವೆ. ಟೇಲರನಿಗೆ ದೊರೆತುದು ಕಲ್ಲುಗಳ ನಿಧಿ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲುಸಾಲಾಗಿ, ಸಮನಾದ ಅಂತರವಿಟ್ಟು ಜೋಡಿಸಿದ ವಿಶಾಲವಾದ ಬಯಲೊಂದಿದೆ. ದಿನವೂ ಅದರ ಪಕ್ಕದಲ್ಲಿ ದನ ಮೇಯಿಸುವವರಿಗೆ ಅದು ಬರಿಯ ಕಲ್ಲು. ಟೇಲರನಿಗೆ ಅದು ಪುರಾತನರ ಕೈಬರಹವಾಗಿ ಕಂಡಿತು. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಮನೆಗಳು ಕಾಣಿಸಿದವು. ಅವು ಹಿಂದೊಮ್ಮೆ ಇಲ್ಲಿ ವಾಸಿಸುತ್ತಿದ್ದ, ಕುಳ್ಳರಾದರೂ ಮಹಾಬಲರಾದ ಮೋರ್ಯರ ಮನೆಗಳೆಂದು ಹಳ್ಳಿಗರು ಹೇಳುತ್ತಿದ್ದರು. ಆ ಐತಿಹ್ಯವನ್ನು ಆತನು ನಗೆಯಾಡಿ ತಳ್ಳದೆ ಬರೆದಿಟ್ಟುಕೊಂಡನು. ಭೀಮೆಗೆ ಸಮೀಪದ ಜೇವರ್ಗಿಯಲ್ಲಿ ಕಲ್ಲುಗುಪ್ಪೆಗಳನ್ನು ಅಗೆಯಿಸಿ ನೋಡಿದಾಗ ಅಸ್ಥಿಪಂಜರಗಳೂ ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತವು.

ಆ ಕಾಲದಲ್ಲಿ ಇಂಥ ಸ್ಥಳಗಳನ್ನು ಅಗೆಯುವವರು ಬೆಲೆಬಾಳುವ ವಸ್ತುಗಳಿಗಾಗಿ ಮಾತ್ರ ಅಗೆಯುತ್ತಿದ್ದರು. ಟೇಲರನಾದರೋ ಮಣ್ಣಿನ ಪದರಗಳು ಹೇಗಿದ್ದವು, ಯಾವ ಪದರದಲ್ಲಿ ಯಾವ ವಸ್ತುವಿತ್ತು ಎಂಬುದನ್ನು ಚಿತ್ರಸಹಿತವಾಗಿ ದಾಖಲಿಸಿದನು. ಮುಂಬಯಿಯ ಏಷಿಯಾಟಿಕ್ ಸಂಘದ ಪತ್ರಿಕೆಯಲ್ಲಿಯೂ, ಅನಂತರ ಐರ್ಲೆಂಡಿನ ರಾಯಲ್ ಅಕಾಡೆಮಿಯ ಗ್ರಂಥದಲ್ಲಿಯೂ ಆತನ ಲೇಖನಗಳು ಅಚ್ಚಾದವು. ಸುಮಾರು ಒಂದು ಶತಮಾನದ ತರುವಾಯ ಪ್ರಸಿದ್ಧ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರನು ಆ ಚಿತ್ರಗಳನ್ನು ನೋಡಿ, ಅವು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದವೆಂದು ಮೆಚ್ಚಿಕೊಂಡನು. ಟೇಲರನ ಎಲ್ಲ ತೀರ್ಮಾನಗಳೂ ನಿಂತಿಲ್ಲ. ಈ ಸಮಾಧಿಗಳು ಯೂರೋಪಿನಿಂದಲೋ ಮಧ್ಯ ಏಷ್ಯದಿಂದಲೋ ಬಂದ ಜನರವೆಂದು ಆತನು ಊಹಿಸಿದ್ದನು. ಇಂದಿನ ವಿದ್ವಾಂಸರು ಆ ಊಹೆಯನ್ನು ಒಪ್ಪುವುದಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣ ಯುಗದ ಜನರ ಬೃಹತ್ ಶಿಲಾಸಂಸ್ಕೃತಿಯ ಕುರುಹುಗಳೆಂದು ತಿಳಿದುಬಂದಿದೆ. ಆದರೆ ಊಹೆ ಬಿದ್ದರೂ ವರ್ಣನೆ ಉಳಿಯಿತು. ಕಂಡದ್ದನ್ನು ಕಂಡಂತೆ ಬರೆದಿಡುವ ಪ್ರಾಮಾಣಿಕತೆಗೆ ಇಂಥ ಆಯುಷ್ಯವಿರುತ್ತದೆ.

ಈ ಎಲ್ಲ ಕಾರ್ಯಗಳ ನಡುವೆ ಆತನು ಒಂಟಿಯಾಗಿದ್ದನು. ೧೮೪೪ರಲ್ಲಿ ಪತ್ನಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದರು. ಪ್ರತಿದಿನ ಕಣ್ಣಮುಂದೆ ಬೆಳೆಯುತ್ತಿದ್ದವನು ಸುರಪುರದ ಬಾಲರಾಜನೊಬ್ಬನೇ. ವೆಂಕಟಪ್ಪ ನಾಯಕನು ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಬಾಲಕನ ವಿದ್ಯಾಭ್ಯಾಸದ ಬಗ್ಗೆ, ನಡತೆಯ ಬಗ್ಗೆ ಟೇಲರನಿಗೆ ತಂದೆಯಂಥ ಕಳಕಳಿಯಿತ್ತು. ೧೮೫೩ರಲ್ಲಿ ಯುವರಾಜನು ಆಡಳಿತವನ್ನು ವಹಿಸಿಕೊಂಡನು. ೧೨ ವರ್ಷಗಳ ಕಾಲ ಸಂಸ್ಥಾನವನ್ನು ಕಾಪಾಡಿದವನು ಅದನ್ನು ವಾರಸುದಾರನಿಗೆ ಒಪ್ಪಿಸಿ ಹೊರಟನು. ಹೊರಡುವ ದಿನ ಜನರು ಗುಂಪುಗುಂಪಾಗಿ ಬಹುದೂರ ಬಂದು ಆತನನ್ನು ಬೀಳ್ಕೊಟ್ಟರು. ಮುಂದೆ ನಳದುರ್ಗದ ಸೀಮೆಯಲ್ಲಿಯೂ ಆತನು ಅದೇ ರೀತಿಯಲ್ಲಿ ಡೇರೆ ಹೂಡಿ, ಭೂಮಿಯನ್ನು ಅಳೆದು, ಹಾದಿಗಳನ್ನು ಮಾಡಿಸಿದನು. ೧೮೫೭ರಲ್ಲಿ ಉತ್ತರ ಭಾರತದಲ್ಲಿ ಸ್ವಾತಂತ್ರ್ಯ ಸಂಗ್ರಾಮದ ಜ್ವಾಲೆ ಎದ್ದಾಗ ಆತನನ್ನು ವರ್ಹಾಡಕ್ಕೆ ಕಳುಹಿಸಲಾಯಿತು.

ಆ ಜ್ವಾಲೆ ಸುರಪುರವನ್ನೂ ಮುಟ್ಟಿತು. ಯುವಕನಾದ ವೆಂಕಟಪ್ಪ ನಾಯಕನು ೧೮೫೮ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಶಸ್ತ್ರವೆತ್ತಿದನು. ಬೇಡರ ಪಡೆ ಬ್ರಿಟಿಷರ ಸೇನೆಯನ್ನು ಎದುರಿಸಿ ಕಾದಿತು. ಆದರೆ ಹೊಸ ಸೇನೆಗಳು ಸಮೀಪಿಸಿದಾಗ ರಾಜನು ಹೈದರಾಬಾದಿಗೆ ಹೋಗಬೇಕಾಯಿತು, ಅಲ್ಲಿ ಸೆರೆಸಿಕ್ಕನು. ಟೇಲರನು ಸೆರೆಮನೆಯಲ್ಲಿ ಆತನನ್ನು ಕಂಡನು. ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ ಬಾಲಕನು ಈಗ ತನ್ನ ಸರ್ಕಾರದ ಕೈದಿ. ದಂಗೆಗೆ ಪ್ರೇರೇಪಿಸಿದವರ ಹೆಸರನ್ನು ಹೇಳಿದರೆ ಶಿಕ್ಷೆ ಕಡಿಮೆಯಾಗಬಹುದೆಂಬ ಆಸೆಯಿತ್ತು. ರಾಜನು ಯಾರ ಹೆಸರನ್ನೂ ಹೇಳಲು ಒಪ್ಪಲಿಲ್ಲ. ಸಾಯಬೇಕಾಗಿ ಬಂದರೆ ಕಳ್ಳನಂತೆ ನೇಣಿಗೇರಿಸದೆ ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲಿ, ತಾನು ನಡುಗುವುದಿಲ್ಲವೆಂದು ತಿಳಿಸಿದನು. ಮರಣದಂಡನೆಯು ಮೊದಲು ಗಡೀಪಾರಿಗೂ, ಬಳಿಕ ನಾಲ್ಕು ವರ್ಷಗಳ ಸೆರೆವಾಸಕ್ಕೂ ಇಳಿಯಿತು. ಮದರಾಸಿನ ಬಳಿಯ ಕೋಟೆಗೆ ಕರೆದೊಯ್ಯುವಾಗ, ಹಾದಿಯ ಮುಕ್ಕಾಮಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ಅದು ಆತ್ಮಹತ್ಯೆಯೆಂದು ಸರ್ಕಾರವು ಬರೆದುಕೊಂಡಿತು. ಆಗ ಆತನಿಗೆ ೨೫ ವರ್ಷವೂ ತುಂಬಿರಲಿಲ್ಲ.

ಇಲ್ಲಿ ಟೇಲರನ ಬಾಳಿನ ಇಕ್ಕಟ್ಟು ನಮಗೆ ಸ್ಪಷ್ಟವಾಗಿ ಗೋಚರಿಸುತ್ತದೆ. ಆತನು ಈ ನಾಡನ್ನು ಪ್ರೀತಿಸಿದನು, ನಿಜ. ಆದರೆ ಆತನು ಈ ನಾಡನ್ನು ಆಳಲು ಬಂದವರ ಸೇವಕನೂ ಆಗಿದ್ದನು. ಒಬ್ಬ ಅಧಿಕಾರಿಯ ಒಳ್ಳೆಯತನವು ಪರಾಧೀನತೆಯ ನೋವನ್ನು ಅಳಿಸಲಾರದು. ರಾಜನ ಕಣ್ಣಿನಲ್ಲಿ ಸುರಪುರವು ತಾತ ಮುತ್ತಾತಂದಿರು ರಕ್ತ ಸುರಿಸಿ ಉಳಿಸಿದ ನೆಲ. ಸರ್ಕಾರದ ಕಣ್ಣಿನಲ್ಲಿ ಅದು ಕಂದಾಯ ಕೊಡುವ ಒಂದು ಸೀಮೆ. ಈ ಎರಡು ದೃಷ್ಟಿಗಳ ನಡುವೆ ಸಿಲುಕಿದ ಟೇಲರನಿಗೆ ತನ್ನ ಮಗನಂತಿದ್ದವನನ್ನು ಉಳಿಸಿಕೊಳ್ಳಲಾಗಲಿಲ್ಲ. ಬೇಡರ ಶೌರ್ಯವನ್ನು ಅರಿತಿದ್ದ ಆತನು, ಆ ಶೌರ್ಯವು ಸೋತ ಮೇಲೆ ಮತ್ತೆ ಸುರಪುರಕ್ಕೆ ಅಧಿಕಾರಿಯಾಗಿ ಬಂದನು. ಅದೇ ಬೆಟ್ಟ, ಅದೇ ಬಂಗಲೆ, ಅದೇ ಕೆರೆ. ಆದರೆ ಅರಮನೆಯಲ್ಲಿ ಅರಸನಿರಲಿಲ್ಲ. ೧೮೬೦ರ ಒಪ್ಪಂದದಂತೆ ಸುರಪುರವು ನಿಜಾಮನ ರಾಜ್ಯಕ್ಕೆ ಸೇರಿತು. ಅನಾರೋಗ್ಯದಿಂದ ಬಳಲಿದ್ದ ಟೇಲರನು ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿದನು.

ಐರ್ಲೆಂಡಿನ ಡಬ್ಲಿನ್ ನಗರದ ಬಳಿ ನೆಲೆಸಿದ ಮೇಲೆ ಆತನ ಡೇರೆಗಳು ಮಡಿಸಲ್ಪಟ್ಟವು. ಲೇಖನಿ ಮಾತ್ರ ವಿಶ್ರಮಿಸಲಿಲ್ಲ. ತಾರಾ, ಸೀತಾ ಮೊದಲಾದ ಕಾದಂಬರಿಗಳನ್ನೂ, ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವನ್ನೂ ಆತನು ರಚಿಸಿದನು. ವಿಜಾಪುರದ ಚಾಂದಬೀಬಿಯನ್ನು ಕುರಿತ ಕೊನೆಯ ಕಾದಂಬರಿಯಲ್ಲಿ ಕೃಷ್ಣಾತೀರದ ಬೇಡರೂ, ಬಂಡೆಗಳ ನಡುವೆ ಭೋರ್ಗರೆದು ಧುಮುಕುವ ಜಲದುರ್ಗದ ಬಳಿಯ ಕೃಷ್ಣೆಯೂ ಮತ್ತೆ ಜೀವತಳೆದರು. ಬಂಗಲೆಯಲ್ಲಿ ಕುಳಿತವನಿಗೆ ಆ ನದಿಯ ದನಿಯನ್ನು ಬರೆಯಲು ಸಾಧ್ಯವಿರಲಿಲ್ಲ. ಅದರ ದಡದಲ್ಲಿ ನಿಂತು ಕೇಳಿದವನಿಗೆ, ಏಳು ಸಮುದ್ರದಾಚೆಯಲ್ಲಿಯೂ ಅದು ಕೇಳಿಸುತ್ತಿತ್ತು.

ವಯಸ್ಸಾದಂತೆ ಕಣ್ಣುಗಳು ಮಂದವಾದವು. ೧೮೭೫ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗನ ಆಹ್ವಾನದಂತೆ ಆತನು ಕೊನೆಯ ಬಾರಿ ಭಾರತಕ್ಕೆ ಬಂದನು. ಆದರೆ ಜ್ವರಪೀಡಿತನಾಗಿ, ದೃಷ್ಟಿಯನ್ನು ಕಳೆದುಕೊಂಡು ಮರಳಬೇಕಾಯಿತು. ಊರು ಸೇರುವ ಮುನ್ನವೇ, ೧೮೭೬ರ ಮೇ ೧೩ರಂದು, ಫ್ರಾನ್ಸಿನ ಮೆಂಟನ್ ಪಟ್ಟಣದಲ್ಲಿ ಆತನು ಮರಣ ಹೊಂದಿದನು. ಜೀವನವೆಲ್ಲ ಮುಕ್ಕಾಮಿನಿಂದ ಮುಕ್ಕಾಮಿಗೆ ಸಾಗಿದವನ ಕೊನೆಯ ಮುಕ್ಕಾಮೂ ಹಾದಿಯಲ್ಲಿಯೇ ಆಯಿತು. ಆತನ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದಳು.

ಟೇಲರನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅಂದಿನ ಆಂಗ್ಲರಂತೆ ಆತನೂ ಯೌವನದಲ್ಲಿ ಹುಲಿಗಳನ್ನು ಬೇಟೆಯಾಡಿದವನು. ಕಾಡುಮೃಗಗಳನ್ನು ಕೊಲ್ಲುವುದು ಆಗ ಪೌರುಷವೆನಿಸಿತ್ತು. ಅವುಗಳನ್ನು ಉಳಿಸುವುದು ಕರ್ತವ್ಯವೆಂದು ನಾವು ಇಂದು ಅರಿತಿದ್ದೇವೆ. ಆಳುವವರ ಹೆಮ್ಮೆಯೂ ಆತನ ಬರಹಗಳಲ್ಲಿ ಅಲ್ಲಲ್ಲಿ ಇಣುಕುತ್ತದೆ. ಆದರೆ ಆತನಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಸ್ಥಳವನ್ನು ನೋಡುವುದು ಬೇರೆ, ಅದರೊಡನೆ ಬಾಳುವುದು ಬೇರೆ.

ಇಂದು ಶಾಲೆಯ ಮಕ್ಕಳು ಪ್ರವಾಸ ಹೋಗುತ್ತಾರೆ. ಸ್ಕೌಟು, ಗೈಡುಗಳ ಶಿಬಿರಗಳಲ್ಲಿ ಡೇರೆ ಹೂಡುವುದನ್ನು ಕಲಿಯುತ್ತಾರೆ. ದೂರದ ಪ್ರೇಕ್ಷಣೀಯ ಸ್ಥಳಗಳಿಗೆ ಹೋಗಲು ಎಲ್ಲರಿಗೂ ಅನುಕೂಲವಿರಲಾರದು; ಅದರಿಂದ ಕೊರಗಬೇಕಾದುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಿನ ಕೊಂಕಲ್‌ನಂಥ ಊರಿನ ಹುಡುಗನಿಗೂ ಹುಡುಗಿಗೂ ಹತ್ತಿರದಲ್ಲಿಯೇ ಬೆಟ್ಟವಿದೆ, ಕೆರೆಯಿದೆ, ಮೂರು ಸಾವಿರ ವರ್ಷಗಳ ಹಿಂದಿನ ಮಾತನ್ನು ಬಚ್ಚಿಟ್ಟುಕೊಂಡ ಕಲ್ಲುಗಳಿವೆ. ಹೋಗುವಾಗ ಬುತ್ತಿಯೊಡನೆ ಒಂದು ಬರೆಯುವ ಪುಸ್ತಕವನ್ನೂ ಒಯ್ಯಬೇಕು. ಕಂಡ ಹಕ್ಕಿಯ ಬಣ್ಣವನ್ನು, ಕೇಳಿದ ಹಿರಿಯರ ಕಥೆಯನ್ನು ಅಂದೇ ಬರೆದಿಡಬೇಕು. ಅಲ್ಲಿನ ಕಲ್ಲನ್ನು ಕದಲಿಸಬಾರದು, ಅದರ ಮೇಲೆ ಹೆಸರು ಕೆತ್ತಬಾರದು, ಗೂಡಿನ ಹಕ್ಕಿಯನ್ನು ಬೆದರಿಸಬಾರದು.

ಡೇರೆಗೆ ಒಂದು ಹಿರಿಯ ಗುಣವಿದೆ. ಅದು ನೆಲದ ಮೇಲೆ ಹಕ್ಕು ಸ್ಥಾಪಿಸುವುದಿಲ್ಲ. ರಾತ್ರಿಯೊಂದರ ಆಶ್ರಯವನ್ನು ಬೇಡುತ್ತದೆ, ಬೆಳಗಾದರೆ ಎದ್ದು ಹೋಗುತ್ತದೆ. ಗೂಟಗಳ ಗುರುತು ಒಂದು ಮಳೆಗೆ ಮಾಯವಾಗುತ್ತದೆ. ಟೇಲರನ ಡೇರೆಗಳ ಗುರುತುಗಳೂ ಹಾಗೆಯೇ ಮಾಯವಾದವು; ಆತನು ಸೇವಿಸಿದ ಸರ್ಕಾರವೂ ಈ ನೆಲದಿಂದ ಎದ್ದುಹೋಯಿತು. ಉಳಿದವು ಬೋನಾಳದ ನೀರು, ಅದನ್ನು ನಂಬಿ ಬರುವ ಹಕ್ಕಿಗಳು, ವಿಭೂತಿಹಳ್ಳಿಯ ಕಲ್ಲುಗಳ ಸಾಲು, ಮತ್ತು ಯಾರ ಹೆಸರನ್ನೂ ಹೇಳದೆ ಮಡಿದ ಯುವರಾಜನ ನೆನಪು. ಈ ನೆಲದಲ್ಲಿ ನಡೆದಾಡುವವರು ಇವುಗಳನ್ನೆಲ್ಲ ಒಟ್ಟಿಗೆ ನೆನೆಯಬೇಕು.

ಅಭ್ಯಾಸ

೧. ಮೆಡೋಸ್ ಟೇಲರನು ಭಾರತಕ್ಕೆ ಬಂದ ಸಂದರ್ಭವನ್ನು ವಿವರಿಸಿ.
೨. ಬಿಡಾರದ ಸ್ಥಳವನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳಾವುವು?
೩. ಟೇಲರನ ಊಹೆ ಬಿದ್ದರೂ ವರ್ಣನೆ ಉಳಿಯಿತು ಎನ್ನಲು ಕಾರಣವೇನು?
೪. ವೆಂಕಟಪ್ಪ ನಾಯಕನ ಅಂತ್ಯವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ. ಟೇಲರನ ಇಕ್ಕಟ್ಟು ಯಾವ ಬಗೆಯದು?
೫. ನಿಮ್ಮ ಊರಿನ ಸಮೀಪದ ಬೆಟ್ಟಕ್ಕಾಗಲಿ ಕೆರೆಗಾಗಲಿ ಹಿರಿಯರೊಡನೆ ಹೋಗಿ ಒಂದು ದಿನವನ್ನು ಕಳೆದು, ಕಂಡುದನ್ನು ಕಂಡಂತೆ ಒಂದು ಪುಟದಲ್ಲಿ ಬರೆಯಿರಿ.